ಪಟ್ಟಿಯೋ, ಕೋನೋ, ಅಂಗಿಯೋ? ನಾಯಿ-ಬೆಕ್ಕಿನ ಗಾಯ ಮನೆಯಲ್ಲಿ ಮಾಯುವಾಗ

ನಮ್ಮ ನಾಯಿಯ ಮುಂಗಾಲಿಗೆ ಒಮ್ಮೆ ಗಾಜು ಚುಚ್ಚಿತ್ತು. ಡಾಕ್ಟರು ಚೂರು ತೆಗೆದು, ಪಟ್ಟಿ ಕಟ್ಟಿ ಕಳಿಸಿದರು. ಎರಡನೇ ದಿನ ಪಟ್ಟಿ ಒದ್ದೆಯಾಯಿತು. ನಾನೇ ಬಿಚ್ಚಿ ಹೊಸದು ಕಟ್ಟಿದೆ. ಜಾರಬಾರದು ಅಂತ ಎಳೆದೆಳೆದು ಬಿಗಿಯಾಗಿ ಸುತ್ತಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪಂಜ ಬಾತುಕೊಂಡಿದೆ, ಬೆರಳುಗಳು ಅಗಲಿಸಿಕೊಂಡಿವೆ, ಮುಟ್ಟಿದರೆ ತಣ್ಣಗೆ. ಗಾಜು ಮಾಡಿದ ಗಾಯಕ್ಕಿಂತ ನಾನು ಕಟ್ಟಿದ ಪಟ್ಟಿಯ ಹಾನಿಯೇ ಜಾಸ್ತಿಯಾಗಿತ್ತು. ಒಂದೇ ರಾತ್ರಿಯಾದ್ದರಿಂದ ಕಾಲು ಉಳಿಯಿತು. ಬಿಗಿ ಪಟ್ಟಿಯನ್ನು ಎರಡು ಮೂರು ದಿನ ಹಾಗೇ ಬಿಟ್ಟು, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬಂದ ಪ್ರಾಣಿಗಳೂ ಇವೆ.

ಅಂದಿನಿಂದ ಗಾಯ ಕಂಡ ಕೂಡಲೇ "ಏನು ಕಟ್ಟಲಿ" ಅಂತ ಯೋಚಿಸುವುದನ್ನು ಬಿಟ್ಟಿದ್ದೇನೆ. ಇದನ್ನು ಯಾವುದರಿಂದ ಕಾಪಾಡಬೇಕು ಅಂತ ಮೊದಲು ಕೇಳಿಕೊಳ್ಳುತ್ತೇನೆ. ನಾಲಿಗೆಯಿಂದಲೋ, ಕೊಳೆಯಿಂದಲೋ, ಓಡಾಟದಿಂದಲೋ, ನೊಣದಿಂದಲೋ? ಪಟ್ಟಿ ಕೊಳೆಯನ್ನು ತಡೆಯುತ್ತದೆ. ನಾಲಿಗೆಯನ್ನು ತಡೆಯುವುದಿಲ್ಲ. ನಾಯಿ ಮನಸ್ಸು ಮಾಡಿದರೆ ಹತ್ತು ನಿಮಿಷದಲ್ಲಿ ಅದನ್ನು ಕಿತ್ತು ನುಂಗಿಯೂಬಿಡುತ್ತದೆ. ಕೊರಳಿಗೆ ಹಾಕುವ ಕೋನ್ ನಾಲಿಗೆಗೆ ಅಡ್ಡ ನಿಲ್ಲುತ್ತದೆ, ಆದರೆ ಅಂಗಳದ ಮಣ್ಣಿಗೆ ಅದು ಏನೂ ಮಾಡಲಾರದು. ಅಂಗಿ ಎರಡನ್ನೂ ಸ್ವಲ್ಪ ಸ್ವಲ್ಪ ತಡೆಯುತ್ತದೆ, ಅದೂ ಹೊಟ್ಟೆ-ಬೆನ್ನಿನ ಮಟ್ಟಿಗೆ ಮಾತ್ರ.

ಮನೆಯಲ್ಲಿ ನೋಡಿಕೊಳ್ಳಬಹುದಾದ ಗಾಯವೇ ಇದು?

ಇಲ್ಲಿ ಹೇಳುವುದೆಲ್ಲ ಸಣ್ಣ ತರಚು ಗಾಯಕ್ಕೆ, ಇಲ್ಲವೇ ಡಾಕ್ಟರು ನೋಡಿ ಮನೆಗೆ ಕಳಿಸಿದ ಗಾಯಕ್ಕೆ. ಬಟ್ಟೆ ಒತ್ತಿ ಹಿಡಿದು ಹತ್ತು ನಿಮಿಷವಾದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಎದೆಗೋ ಹೊಟ್ಟೆಗೋ ಕಣ್ಣಿಗೋ ಪೆಟ್ಟಾಗಿದ್ದರೆ ಹೋಲಿಕೆ ಮಾಡುತ್ತಾ ಕೂರುವ ಸಮಯ ಅದಲ್ಲ. ಮೊದಲು ಹೊರಡಿ.

ಕಚ್ಚಿದ ಗಾಯವನ್ನು ಬೇರೆಯಾಗಿಯೇ ನೋಡಬೇಕು. ಹೊರಗೆ ಎರಡು ಸಣ್ಣ ತೂತು ಕಾಣುತ್ತದೆ, ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡು ಹರಿದಿರುತ್ತದೆ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೂತ ನಂಜು ಎರಡು ಮೂರು ದಿನದಲ್ಲಿ ಕೀವಿನ ಗಡ್ಡೆಯಾಗುತ್ತದೆ. ಇಂಥದ್ದಕ್ಕೆ ಮೇಲಿಂದ ಪಟ್ಟಿ ಬಿಗಿದರೆ ಕೀವು ಹೊರಬರುವ ದಾರಿಯನ್ನು ನಾವೇ ಮುಚ್ಚಿದ ಹಾಗಾಗುತ್ತದೆ. ಕಚ್ಚಿದ್ದು ಗೊತ್ತಿಲ್ಲದ ಪ್ರಾಣಿಯಾಗಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು, ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಡಾಕ್ಟರ ಬಳಿ ಹೋಗಿ. ರೇಬೀಸ್ ಲಸಿಕೆ ಮೊದಲೇ ಹಾಕಿಸಿದ್ದರೂ ಇನ್ನೊಂದು ಡೋಸ್ ಬೇಕಾಗುತ್ತದೆ. ನಿಮ್ಮ ಕೈಗೆ ಪರಚಾಗಿದ್ದರೆ, ಜೊಲ್ಲು ತಾಗಿದ್ದರೆ ನಿಮ್ಮ ಡಾಕ್ಟರನ್ನೂ ಕಾಣಬೇಕು.

ತೊಳೆಯುವುದಕ್ಕೆ ಯಾವುದು?

ಉಪ್ಪುನೀರು. ನನ್ನ ಮಟ್ಟಿಗೆ ಮೊದಲ ಆಯ್ಕೆ ಇದೇ, ಹೆಚ್ಚಿನ ಸಲ ಕೊನೆಯದೂ ಇದೇ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚಕ್ಕೆ ಸ್ವಲ್ಪ ಕಮ್ಮಿ ಉಪ್ಪು, ಅಂದರೆ 4.5 ಗ್ರಾಂ. ಆಗ ಅದು ಆಸ್ಪತ್ರೆಯ ಸಲೈನ್‌ನಷ್ಟೇ ಉಪ್ಪಾಗಿ ಶೇ. 0.9ಕ್ಕೆ ಬರುತ್ತದೆ, ಉರಿಯುವುದಿಲ್ಲ. ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿಸಿ ಮೆಲ್ಲಗೆ ಚಿಮ್ಮಿಸಿದರೆ ಮಣ್ಣು, ಕೂದಲು ಹೊರಬರುತ್ತದೆ. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿಕೊಳ್ಳಿ.

ರೋಗಾಣು ಕೊಲ್ಲುವ ದ್ರಾವಣಗಳಲ್ಲಿ ಪೊವಿಡೋನ್ ಅಯೋಡಿನ್ ಒಳ್ಳೆಯದೇ. ಆದರೆ ಶೇ. 10ರ ಬಾಟಲಿಯಿಂದ ನೇರವಾಗಿ ಸುರಿಯಬಾರದು, ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ದ್ರಾವಣ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಶೇ. 2ರ ದ್ರಾವಣವಾದರೆ ಒಂದು ಭಾಗಕ್ಕೆ 40 ಭಾಗ ನೀರು. ಕಣ್ಣಿಗೆ, ಕಿವಿಯ ಒಳಕ್ಕೆ ಮಾತ್ರ ಹೋಗಕೂಡದು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸುತ್ತದೆ, ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ, ಅಲ್ವಾ? ಹೊಸ ಚರ್ಮ ಕಟ್ಟಲು ಬಂದ ಕೋಶಗಳೂ ಆ ನೊರೆಯಲ್ಲೇ ಸಾಯುತ್ತವೆ. ಸ್ಪಿರಿಟ್ ಕೂಡ ಹಾಗೇ, ಮೇಲಿಂದ ಉರಿ ಬೇರೆ. ಎರಡನ್ನೂ ಗಾಯದ ಹತ್ತಿರ ತರಬೇಡಿ.

ಗಾಯದ ಸುತ್ತ ಕೂದಲು ಕತ್ತರಿಸಬೇಕಾದರೆ ಮೊದಲು ಗಾಯಕ್ಕೆ ನೀರಿನಲ್ಲಿ ಕರಗುವ ಜೆಲ್ ಹಚ್ಚಿ. ತುಂಡು ಕೂದಲು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತೊಳೆದರೆ ಎಲ್ಲ ಹೋಗುತ್ತದೆ.

ಮುಚ್ಚುವುದೋ, ಬಿಡುವುದೋ?

"ಗಾಳಿಯಾಡಲಿ, ಹಕ್ಕಳೆ ಕಟ್ಟಲಿ, ತಾನಾಗೇ ಒಣಗುತ್ತದೆ" ಅನ್ನುವುದು ಹಳೆಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆಯಡಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬುತ್ತದೆ ಎಂದು ತೋರಿಸಿದರು. ಗಟ್ಟಿ ಹಕ್ಕಳೆ ಇದ್ದರೆ ಹೊಸ ಕೋಶಗಳು ಅದರ ಅಡಿ ತೂರಿಕೊಂಡು ಹೋಗಬೇಕು, ತೇವವಿದ್ದರೆ ಸಲೀಸಾಗಿ ಹರಡುತ್ತವೆ. ಮುಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಹಾಗಂತ ಎಲ್ಲವನ್ನೂ ಮುಚ್ಚಬೇಕಿಲ್ಲ. ಹೊಲಿಗೆ ಹಾಕಿದ ಗಾಯದ ಅಂಚುಗಳು ಈಗಾಗಲೇ ಕೂಡಿವೆ, ಅದಕ್ಕೆ ಪಟ್ಟಿಗಿಂತ ನಾಲಿಗೆಯಿಂದ ಕಾವಲು ಮುಖ್ಯ. ಮೇಲುಮೇಲಿನ ತರಚು ಗಾಯ ಬಿಟ್ಟರೂ ಮಾಯುತ್ತದೆ. ಮುಚ್ಚಲೇಬೇಕಾದದ್ದು ಎಂದರೆ ನೆಲಕ್ಕೆ ತಾಗುವ ಪಂಜದ ಗಾಯ, ಚರ್ಮ ಹೋಗಿ ಕೆಂಪು ಮಾಂಸ ಕಾಣುವ ಗಾಯ, ರಸಿಕೆ ಸೋರುವ ಗಾಯ.

ಜಾಗವೂ ಅಷ್ಟೇ ಮುಖ್ಯ. ಪಂಜ, ಮೊಣಕಾಲಿನ ಕೆಳಗೆ, ಬಾಲದ ತುದಿ, ಇಲ್ಲೆಲ್ಲ ಪಟ್ಟಿ ನಿಲ್ಲುತ್ತದೆ. ತೊಡೆಗೆ ಕಟ್ಟಿದ್ದು ಸಂಜೆಯೊಳಗೆ ಮೊಣಕಾಲಿಗೆ ಜಾರಿ, ಹಗ್ಗದ ಹಾಗೆ ಸುರುಳಿಯಾಗಿ, ಅಲ್ಲೇ ಬಿಗಿಯುತ್ತದೆ. ಕುತ್ತಿಗೆ, ಎದೆಗೆ ಸುತ್ತಿದ್ದು ಉಸಿರಿಗೆ ಅಡ್ಡ ಬರಬಹುದು. ಅವನ್ನು ಡಾಕ್ಟರೇ ಕಟ್ಟಲಿ. ಮನೆಯಲ್ಲಿ ಬಿಗಿ ಸರಿಯಾಗಿದೆಯೋ ಇಲ್ಲವೋ ಗೊತ್ತಾಗದ ಪಟ್ಟಿ ಒಂದು ಕಡೆ, ಬರೀ ಗಾಯ ಮತ್ತು ಒಂದು ಕೋನ್ ಇನ್ನೊಂದು ಕಡೆ ಇದ್ದರೆ, ನಾನು ಯೋಚಿಸದೆ ಕೋನ್ ಕಡೆ ಹೋಗುತ್ತೇನೆ.

ಪಟ್ಟಿ ಕಟ್ಟುವುದಾದರೆ

ಮೂರು ಪದರ ಇರಬೇಕು. ಗಾಯಕ್ಕೆ ತಾಗುವುದು ಅಂಟದ ಪ್ಯಾಡ್. ಬರೀ ಗಾಜ್ ಬಟ್ಟೆ ಒಣಗಿ ಅಂಟಿಕೊಂಡರೆ, ತೆಗೆಯುವಾಗ ಹೊಸ ಚರ್ಮವೂ ಅದರ ಜೊತೆ ಕಿತ್ತು ಬರುತ್ತದೆ. ಅದೇ ಇದ್ದರೆ ತೆಗೆಯುವ ಮೊದಲು ಉಪ್ಪುನೀರಿನಲ್ಲಿ ನೆನೆಸಿ. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಲೇಬಾರದು, ಎಳೆಗಳು ಒಳಗೆ ಉಳಿದುಬಿಡುತ್ತವೆ. ಹತ್ತಿಯ ಜಾಗ ಎರಡನೇ ಪದರ. ಅದು ಸೋರಿದ್ದನ್ನು ಹೀರುತ್ತದೆ, ಮೇಲಿನ ಪಟ್ಟಿಯ ಬಿಗಿಯನ್ನು ಹಂಚುತ್ತದೆ. ಕೈಬಿಗಿ ಜಾಸ್ತಿ ಇರುವವರನ್ನು ಕಾಪಾಡುವುದು ಈ ಪದರವೇ. ನಾನು ಅವತ್ತು ಬಿಟ್ಟದ್ದೂ ಇದನ್ನೇ.

ಮೂರನೆಯದಕ್ಕೆ ಆಯ್ಕೆ ಇದೆ. ತನಗೆ ತಾನೇ ಅಂಟುವ ರಬ್ಬರಿನಂಥ ಪಟ್ಟಿ ಕೂದಲಿಗೆ ಅಂಟುವುದಿಲ್ಲ, ಚೆನ್ನಾಗಿ ನಿಲ್ಲುತ್ತದೆ, ನೀರು ತಕ್ಷಣ ಇಳಿಯುವುದಿಲ್ಲ. ಆದರೆ ಎಳೆದು ಸುತ್ತಿದರೆ ಅದು ಕುಗ್ಗುತ್ತಾ, ಬಿಗಿಯುತ್ತಾ ಹೋಗುತ್ತದೆ. ಮೊದಲು ಸುರುಳಿಯಿಂದ ಬೇಕಾದಷ್ಟು ಬಿಚ್ಚಿ, ಸಡಿಲವಾಗಿ ಮತ್ತೆ ಸುತ್ತಿಟ್ಟುಕೊಂಡು, ಆಮೇಲೆ ಕಟ್ಟಿ. ಪಟ್ಟಿಯ ಮೇಲಿನ ಸುಕ್ಕುಗಳು ಕಾಣುತ್ತಲೇ ಇರಬೇಕು. ಅವು ಮಾಯವಾದರೆ ಎಳೆತ ಜಾಸ್ತಿಯಾಗಿದೆ ಅಂತ ಅರ್ಥ. ಕ್ರೇಪ್ ಬ್ಯಾಂಡೇಜ್ ಅಷ್ಟು ಮೋಸ ಮಾಡುವುದಿಲ್ಲ, ಒಗೆದು ಮತ್ತೆ ಬಳಸಬಹುದು. ಆದರೆ ಜಾರುತ್ತದೆ, ಒದ್ದೆ ನೆಲದಲ್ಲಿ ಬೇಗ ನೆನೆಯುತ್ತದೆ. ಹೊಸಬರು ಕ್ರೇಪ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಅಂಟುವ ಟೇಪ್ ಮೇಲಿನ ಅಂಚಿನಲ್ಲಿ ಎರಡು ಸೆಂಟಿಮೀಟರ್ ಕೂದಲಿಗೆ ಹಿಡಿಸುವುದಕ್ಕೆ ಮಾತ್ರ ಸಾಕು. ಮನುಷ್ಯರ ಸಣ್ಣ ಅಂಟುಪಟ್ಟಿ ಕೂದಲಿನ ಮೇಲೆ ನಿಲ್ಲುವುದೇ ಇಲ್ಲ, ಕೊನೆಗೆ ಹೊಟ್ಟೆ ಸೇರುತ್ತದೆ. ರಬ್ಬರ್ ಬ್ಯಾಂಡ್ ಅಂತೂ ಎಂದಿಗೂ ಬೇಡ. ಕೂದಲಿನೊಳಗೆ ಮರೆಯಾಗಿ, ಚರ್ಮವನ್ನು ಕುಯ್ದುಬಿಡುತ್ತದೆ.

ಸುತ್ತುವುದು ಯಾವಾಗಲೂ ಬೆರಳ ಕಡೆಯಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ. ಬೆರಳುಗಳ ನಡುವೆ, ಮೇಲಿರುವ ಸಣ್ಣ ಹೆಬ್ಬೆರಳಿನ ಸುತ್ತ ತೆಳುವಾಗಿ ಹತ್ತಿ ಇಡಿ. ಗಾಯ ಅಲ್ಲಿಲ್ಲದಿದ್ದರೆ ನಡುವಿನ ಎರಡು ಬೆರಳ ತುದಿಯನ್ನು ಹೊರಗೇ ಬಿಡಿ. ಅದೇ ನಿಮ್ಮ ಕಿಟಕಿ. ಆ ಎರಡು ಉಗುರು ದೂರ ಸರಿದರೆ, ಬೆರಳು ಬಾತರೆ, ತಣ್ಣಗಾದರೆ ಅರ್ಧ ರಾತ್ರಿಯಾದರೂ ಬಿಚ್ಚಬೇಕು. ಮೇಲಂಚಿನಲ್ಲಿ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು.

ಸೋರುವ ಗಾಯಕ್ಕೆ ದಿನವೂ, ಒಣಗುತ್ತಾ ಬಂದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬದಲಿಸುವುದು ವಾಡಿಕೆ. ಡಾಕ್ಟರು ಬೇರೆ ಲೆಕ್ಕ ಹೇಳಿದ್ದರೆ ಅದೇ ಸರಿ. ಒದ್ದೆಯಾದರೆ, ವಾಸನೆ ಬಂದರೆ ಲೆಕ್ಕ ನೋಡದೆ ತೆಗೆಯಿರಿ. ಇನ್ನೊಂದು ಸೂಚನೆ ಇದೆ. ಎರಡು ದಿನ ಸುಮ್ನೆ ಇದ್ದ ನಾಯಿ ಮೂರನೇ ದಿನ ಇದ್ದಕ್ಕಿದ್ದಂತೆ ಪಟ್ಟಿ ಕಚ್ಚತೊಡಗಿದರೆ ಬೈಯಬೇಡಿ. ಒಳಗೆ ಏನೋ ಸರಿಯಿಲ್ಲ ಅಂತ ಅದು ಹೇಳುತ್ತಿದೆ. ಹೊರಗೆ ಕರೆದೊಯ್ಯುವಾಗ ಪಂಜಕ್ಕೆ ಪ್ಲಾಸ್ಟಿಕ್ ಚೀಲ ಹಾಕಬಹುದು, ಬಾಗಿಲು ದಾಟಿ ಒಳಬಂದ ಕೂಡಲೇ ತೆಗೆಯಬೇಕು. ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟರೆ ಒಳಗೆ ಬೆವತು ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ.

ಕೋನ್, ಡೋನಟ್, ಅಂಗಿ, ಕಾಲುಚೀಲ

"ನಾಯಿಯ ಜೊಲ್ಲಿನಲ್ಲಿ ಔಷಧವಿದೆ, ನೆಕ್ಕಲಿ ಬಿಡಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಜೊಲ್ಲಿಗೆ ಕೆಲವು ರೋಗಾಣುಗಳನ್ನು ಕೊಲ್ಲುವ ಗುಣ ಸ್ವಲ್ಪ ಇದೆ, ಸುಳ್ಳಲ್ಲ. ಆದರೆ ಅದೇ ಬಾಯಿಯಲ್ಲಿ ಬೇರೆ ರೋಗಾಣುಗಳು ಬೇಕಾದಷ್ಟಿವೆ. ಬೆಕ್ಕಿನ ನಾಲಿಗೆಯಂತೂ ಅರದ ಹಾಗೆ, ಹೊಸ ಚರ್ಮವನ್ನು ಉಜ್ಜಿ ತೆಗೆಯುತ್ತದೆ. ಹೊಲಿಗೆ ಬಿಚ್ಚಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಈ ನಾಲಿಗೆ, ಈ ಹಲ್ಲು.

ಗಟ್ಟಿ ಪ್ಲಾಸ್ಟಿಕ್ ಕೋನ್ ನೋಡಲು ಪಾಪ ಅನ್ನಿಸಿದರೂ ನಂಬಿಕೆಗೆ ಅರ್ಹವಾದದ್ದು ಅದೇ. ಅಂಚು ಮೂಗಿನ ತುದಿ ದಾಟಿ ಎರಡು ಮೂರು ಸೆಂಟಿಮೀಟರ್ ಮುಂದಿರಬೇಕು. ಗಿಡ್ಡದಾದರೆ ನಾಯಿ ಕುತ್ತಿಗೆ ತಿರುಗಿಸಿ ಬಾಲದವರೆಗೂ ಹೋಗುತ್ತದೆ. ಕುತ್ತಿಗೆಯಲ್ಲಿ ಎರಡು ಬೆರಳು ಸಡಿಲ ಸಾಕು. ಬಾಗಿಲಿಗೆ, ಕುರ್ಚಿಗೆ, ನಿಮ್ಮ ಮೊಣಕಾಲಿಗೆ ಅದು ಬಡಿಯುತ್ತದೆ. ಮೊದಲ ದಿನ ಮುಖ ಗೋಡೆಗೆ ಇಟ್ಟು ನಿಂತುಬಿಡುವ ನಾಯಿಗಳೂ ಇವೆ. ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತವೆ. ಊಟದ ಬಟ್ಟಲನ್ನು ಸ್ವಲ್ಪ ಎತ್ತರಕ್ಕೆ, ಕೋನಿನ ಬಾಯಿಗಿಂತ ಸಣ್ಣ ಅಗಲದ್ದಾಗಿ ಇಟ್ಟರೆ ತಿನ್ನುತ್ತದೆ. ಒಂದು ತೊಂದರೆ ಮಾತ್ರ ನೆನಪಿಡಿ. ಜಾಣ ನಾಯಿ ಕೋನಿನ ಅಂಚನ್ನೇ ಗಾಯಕ್ಕೆ ಉಜ್ಜಿ ತುರಿಸಿಕೊಳ್ಳುತ್ತದೆ. ಹಾಗೆ ಮಾಡುತ್ತಿದ್ದರೆ ಅಂಚಿಗೆ ಮೆತ್ತನೆ ಬಟ್ಟೆ ಟೇಪ್ ಹಚ್ಚಿ.

ಬಟ್ಟೆಯ ಮೆತ್ತನೆ ಕೋನ್ ಬೆಕ್ಕಿಗೆ, ಸಣ್ಣ ಮುಖದ ನಾಯಿಗೆ, ರಾತ್ರಿ ನಿದ್ದೆಗೆ ಹಿತ. ಉದ್ದ ಮೂತಿಯ ಹಟಮಾರಿ ನಾಯಿ ಅದನ್ನು ಹಿಂದಕ್ಕೆ ಮಡಚಿ ಕೆಲಸ ಮುಗಿಸುತ್ತದೆ.

ಗಾಳಿ ತುಂಬಿದ ಡೋನಟ್ ಕೊರಳಿಗೆ ದಿಂಬಿನ ಹಾಗೆ. ಎದುರು ನೋಟಕ್ಕೆ, ತಿನ್ನುವುದಕ್ಕೆ ಅಡ್ಡವಿಲ್ಲ. ಎದೆ, ಹೊಟ್ಟೆಯ ಮೇಲ್ಭಾಗದ ಗಾಯಕ್ಕೆ ಚೆನ್ನಾಗಿದೆ. ಪಂಜಕ್ಕೆ, ಹಿಂಗಾಲಿಗೆ, ಬಾಲಕ್ಕೆ ಪ್ರಯೋಜನ ಇಲ್ಲವೇ ಇಲ್ಲ. ನೋಡಲು ಮುದ್ದಾಗಿದೆ ಅಂತ ಜನ ಇದನ್ನೇ ತರುತ್ತಾರೆ, ಆಮೇಲೆ ಪಂಜ ನೆಕ್ಕುವ ನಾಯಿಯನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಮೈಗೆ ಹಾಕುವ ಅಂಗಿ ಹೊಟ್ಟೆಯ ಹೊಲಿಗೆಗೆ, ಅದರಲ್ಲೂ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ, ನನ್ನ ಮೆಚ್ಚಿನ ಆಯ್ಕೆ. ಕೊಳ್ಳಲೇಬೇಕೆಂದಿಲ್ಲ. ಹಳೆಯ ಹತ್ತಿ ಟೀ ಶರ್ಟಿನಲ್ಲಿ ತಲೆ, ಮುಂಗಾಲು ತೂರಿಸಿ, ಉಳಿದ ಬಟ್ಟೆಯನ್ನು ಸೊಂಟದ ಮೇಲೆ ಸೇರಿಸಿ ಗಂಟು ಹಾಕಿದರೆ ಆಯಿತು. ಮಕ್ಕಳ ಕೆಳಗುಂಡಿಯ ಅಂಗಿಗೆ ಬಾಲಕ್ಕೊಂದು ತೂತು ಮಾಡಿದರೆ ಇನ್ನೂ ಚೆನ್ನ. ಗಂಡು ನಾಯಿಯಾದರೆ ಹೊಟ್ಟೆಯ ಕೆಳಗೆ ಬಟ್ಟೆ ಹಿಂದಕ್ಕೆ ಸರಿಸಿ ಕಟ್ಟಿ, ಇಲ್ಲದಿದ್ದರೆ ಪ್ರತಿ ಸಲ ಒದ್ದೆ. ಅಂಗಿ ಹಾಕಿದ್ದೇವೆ ಅಂತ ಮೈಮರೆಯಬೇಡಿ. ಗಾಯದ ಮೇಲಿನ ಬಟ್ಟೆ ತೇವವಾಗಿದ್ದರೆ ಬಟ್ಟೆಯ ಮೇಲಿಂದಲೇ ನೆಕ್ಕುತ್ತಿದೆ ಅಂತ ಅರ್ಥ. ಆಗ ಕೋನ್‌ಗೆ ಬನ್ನಿ.

ಕಾಲುಚೀಲ ಪಟ್ಟಿಯ ಮೇಲೆ ಹಾಕುವ ಹೊದಿಕೆ ಅಷ್ಟೇ. ಸ್ವಲ್ಪ ಹೊತ್ತಿಗೆ, ಕಣ್ಣೆದುರಿಗೆ ಸರಿ. ಕಹಿ ಸ್ಪ್ರೇ ಸಿಗುತ್ತದೆ, ಪಟ್ಟಿಯ ಹೊರಮೈಗೆ ಮಾತ್ರ ಹೊಡೆಯಬೇಕು, ಗಾಯಕ್ಕಲ್ಲ. ಕೆಲವು ನಾಯಿಗಳಿಗೆ ಕಹಿಯೇ ರುಚಿ, ಏನು ಮಾಡುವುದು!

ಮೊಲ ಸಾಕಿದವರಿಗೆ ಒಂದು ಮಾತು. ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನಬೇಕು, ಅದರ ಪೋಷಣೆಗೆ ಅದು ಬೇಕೇ ಬೇಕು. ಕೋನ್ ಅದನ್ನು ತಡೆಯುತ್ತದೆ. ಆದ್ದರಿಂದ ಮೊಲಕ್ಕೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ಎಷ್ಟು ದಿನ? ಹೊಲಿಗೆ ತೆಗೆಯುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ. ಐದನೇ ದಿನಕ್ಕೆ ಗಾಯ ಮುಚ್ಚಿದ ಹಾಗೆ ಕಾಣುತ್ತದೆ, ಅಲ್ಲೇ ಮೋಸ. ಮೂರು ವಾರವಾದರೂ ಆ ಚರ್ಮಕ್ಕೆ ಮೊದಲಿದ್ದ ಬಲದ ಶೇ. 20ರಷ್ಟೇ ಬಂದಿರುತ್ತದೆ, ತಿಂಗಳುಗಳ ಮೇಲೂ ಶೇ. 80 ದಾಟುವುದಿಲ್ಲ. ತುರಿಕೆ ಜೋರಾಗುವುದೂ ಇದೇ ನಡುವಿನ ದಿನಗಳಲ್ಲಿ. ನಮ್ಮ ಬೆಕ್ಕಿಗೆ ಆರನೇ ದಿನ "ಹತ್ತು ನಿಮಿಷ ಆರಾಮಾಗಿರಲಿ" ಅಂತ ಕೋನ್ ತೆಗೆದೆ. ಫೋನ್ ಬಂತು, ಮಾತಾಡಿದೆ. ತಿರುಗಿ ನೋಡುವಾಗ ಎರಡು ಹೊಲಿಗೆ ಇರಲಿಲ್ಲ. ಮತ್ತೆ ಡಾಕ್ಟರು, ಮತ್ತೆ ಹೊಲಿಗೆ, ಮತ್ತೆ 14 ದಿನ.

ಬಾಲ ಮತ್ತು ಕಿವಿ

ಇವೆರಡೂ ತಾಳ್ಮೆ ಕೆಡಿಸುವ ಜಾಗಗಳು. ಬಾಲದ ತುದಿ ಗೋಡೆಗೆ ಬಡಿದು ಒಡೆದರೆ, ಖುಷಿಯಾದಾಗಲೆಲ್ಲ ರಕ್ತ ಚಿಮ್ಮುತ್ತದೆ. ಮೆತ್ತನೆ ಪಟ್ಟಿಯ ಮೇಲೆ ಹಗುರವಾದ ಸ್ಪಂಜಿನ ಕೊಳವೆ ತೂರಿಸಿ, ಮೇಲಕ್ಕೆ ಕೂದಲಿಗೆ ಟೇಪ್ ಹಿಡಿಸಿದರೆ ಪೆಟ್ಟು ತಗ್ಗುತ್ತದೆ. ಭಾರವಾದದ್ದು ಹಾಕಿದರೆ ಬೀಸಿ ಎಸೆಯುತ್ತದೆ.

ಕಿವಿಯ ಅಂಚಿನ ಗಾಯ ತಲೆ ಕೊಡವಿದಾಗಲೆಲ್ಲ ತೆರೆದುಕೊಳ್ಳುತ್ತದೆ. ತಲೆಗೆ ಸುತ್ತು ಪಟ್ಟಿ ಹಾಕುವುದಕ್ಕಿಂತ, ಹಿಗ್ಗುವ ಬಟ್ಟೆಯ ಕೊಳವೆಯನ್ನು ಕಿವಿ ಮಡಚಿ ತಲೆಯ ಮೇಲೆ ಏರಿಸುವುದು ಸುರಕ್ಷಿತ, ಗಂಟಲ ಬಳಿ ಬಿಗಿಯುವುದು ಕಮ್ಮಿ. ಡಾಕ್ಟರು ಪಟ್ಟಿಯನ್ನೇ ಕಟ್ಟಿದ್ದರೆ, ಅದರ ಮೇಲೆ ಪೆನ್ನಿನಲ್ಲಿ ಕಿವಿಯ ಗುರುತು ಹಾಕಿಸಿಕೊಳ್ಳಿ. ಬಿಚ್ಚುವಾಗ ಕತ್ತರಿ ಕಿವಿಗೇ ತಾಗುವುದು ನಿಜವಾಗಿಯೂ ಆಗುವ ಅನಾಹುತ.

ಮುಲಾಮು ಮತ್ತು ನೊಣ

ಮುಲಾಮಿನ ವಿಚಾರದಲ್ಲಿ ಡಾಕ್ಟರು ಬರೆದುಕೊಟ್ಟದ್ದು ಬಿಟ್ಟು ಬೇರೆ ಬೇಡ. ನಮ್ಮ ಕಪಾಟಿನ ಸತುವಿನ ಕ್ರೀಮ್, ಮರಗಟ್ಟಿಸುವ ಮುಲಾಮು ಎಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಟೀ ಟ್ರೀ ಎಣ್ಣೆ ನಾಯಿ-ಬೆಕ್ಕು ಎರಡಕ್ಕೂ ವಿಷ. ನೋವಿಗೆ ಅಂತ ನಮ್ಮ ಮಾತ್ರೆ ಕೊಡುವುದಂತೂ ದೊಡ್ಡ ಅಪಾಯ. ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ.

ಬಿಸಿ ಹವೆಯಲ್ಲಿ ತೆರೆದ ಗಾಯಕ್ಕೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದೊಳಗೆ ಹುಳ ಹೊರಬರುತ್ತದೆ. ಪ್ರಾಣಿಯನ್ನು ಮನೆಯೊಳಗೇ ಇಡಿ, ಕೂದಲು ಸರಿಸಿ ದಿನಕ್ಕೆರಡು ಸಲ ನೋಡಿ. ಹುಳ ಕಂಡರೆ ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್ ಸುರಿಯಬೇಡಿ. ಹುಳದ ಜೊತೆ ಮಾಂಸವೂ ಸುಡುತ್ತದೆ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಸ್ಪ್ರೇ ನಾಯಿಗೆ ನಡೆದರೂ ಬೆಕ್ಕಿಗೆ ವಿಷ.

ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಗಾಯದ ಫೋಟೋ ತೆಗೆದಿಟ್ಟುಕೊಳ್ಳಿ. ಕಣ್ಣಿಗೆ "ನಿನ್ನೆಯ ಹಾಗೇ ಇದೆ" ಅನ್ನಿಸಿದ್ದು ಫೋಟೋದಲ್ಲಿ ಬೇರೆಯಾಗಿ ಕಾಣುತ್ತದೆ. ಮೊದಲ ಎರಡು ಮೂರು ದಿನ ಸ್ವಲ್ಪ ಕೆಂಪು, ಸ್ವಲ್ಪ ಬಾವು, ತಿಳಿಯಾದ ರಸಿಕೆ ಸಹಜ. ಅದರಾಚೆ ಕೆಂಪು ಹಬ್ಬುತ್ತಿದ್ದರೆ, ಹಳದಿಯೋ ಹಸಿರೋ ಕೀವು ಬಂದರೆ, ಅಂಚು ಕಪ್ಪಾದರೆ, ವಾಸನೆ ಹೊಡೆದರೆ, ಪ್ರಾಣಿ ತಿನ್ನುವುದು ಬಿಟ್ಟು ಮೂಲೆ ಹಿಡಿದರೆ, ಆ ಫೋಟೋಗಳ ಸಮೇತ ಡಾಕ್ಟರ ಬಳಿ ಹೋಗಿ.